ಮೊದಲು ಗುಡ್ ಮಾರ್ನಿಂಗ್, ಆಮೇಲೆ ಜಗಳ

ಆಂಟಿಯ ಎಡ ಮೊಣಕೈಯ ಒಳಮಡಿಕೆಯಲ್ಲಿ ಬೆರಳಗಲದ ಒಂದು ಕಪ್ಪು ಗೆರೆ ಇತ್ತು. ಮೊದಲ ಸಲ ನೋಡಿದಾಗ ಸುಟ್ಟ ಕಲೆ ಇರಬೇಕು ಎಂದುಕೊಂಡೆ. ಅದು ಕೈಚೀಲದ ಪಟ್ಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ಆದ ಗುರುತು. ನಮ್ಮ ನ್ಯೂಜೆರ್ಸಿಯಲ್ಲಿ ಎಲ್ಲರೂ ಛತ್ರಿ, ಸ್ವೆಟರ್, ನೀರಿನ ಬಾಟಲಿ, ಅಂಗಡಿಗೆ ವಾಪಸ್ ಕೊಡಬೇಕಾದ ಅಂಗಿ, ಇಂಥವನ್ನೆಲ್ಲ ಕಾರಿನಲ್ಲಿ ಬಿಟ್ಟಿರುತ್ತಾರೆ. ಆಂಟಿಗೆ ಕಾರಿರಲಿಲ್ಲ. ಅವೆಲ್ಲ ಆ ಮೊಣಕೈಗೆ ತೂಗುತ್ತಿದ್ದವು.

ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಗಂಡ ಹೆಂಡತಿ ಸೇರಿ ಬಹಳ ವರ್ಷ ರೂಟ್ ಒನ್ ಹೆದ್ದಾರಿಯ ಪಕ್ಕದಲ್ಲಿ ಒಂದು ಸಣ್ಣ ಮೋಟೆಲ್ ನಡೆಸಿದ್ದರು. ಕಾರು ಓಡಿಸುತ್ತಿದ್ದದ್ದು ಗಂಡ. ಅವರು ತೀರಿಕೊಂಡ ಮೇಲೆ ಆಂಟಿ ಕಾರನ್ನು ಮಾರಿ, ಗ್ಯಾರೇಜಿನ ಬಾಗಿಲಿಗೆ ಬಸಳೆ ಬಳ್ಳಿ ಹಬ್ಬಿಸಿದರು. ಡ್ರೈವಿಂಗ್ ಯಾಕೆ ಕಲಿಯಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ.

"ಕಲಿಯಲಿಕ್ಕೆ ಹೋಗಿದ್ದೆ. ಒಂದು ದಿನ ನಮ್ಮವರು ಬೊಬ್ಬೆ ಹಾಕಿದರು. ನಾನು ಅಲ್ಲೇ ಇಳಿದು ಮನೆಗೆ ನಡೆದುಕೊಂಡು ಬಂದೆ. ಸಿಗ್ನಲ್ ಕೆಂಪಿತ್ತು ಮತ್ತೆ. ರೂಲ್ಸ್ ಮುರಿಯಲಿಲ್ಲ."

ಕಾರಿಲ್ಲದೆ ಅವರು ಓಡಾಡುತ್ತಿದ್ದ ರೀತಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ನನ್ನನ್ನು ಇಂಥ ಕಡೆ ಬಿಡು ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಯಾರಾದರೂ ಕೀ ಹಿಡಿದು ಹೊರಬಂದರೆ ಬೇಲಿಯ ಆಚೆಯಿಂದ "ಎಲ್ಲಿಗೆ ಹೋಗ್ತೀ?" ಎನ್ನುತ್ತಿದ್ದರು. ಈಸ್ಟ್ ಬ್ರನ್ಸ್‌ವಿಕ್ ಎಂದರೆ, "ಹೌದಾ, ನನಗೂ ಅಲ್ಲಿ ಒಂದು ಕೆಲಸ ಉಂಟು" ಎಂದು ಚೀಲ ಏರಿಸಿಕೊಂಡು ಬರುತ್ತಿದ್ದರು. ಅವರಿಗೆ ಎಲ್ಲ ಊರಲ್ಲೂ ಒಂದೊಂದು ಕೆಲಸ ಬಾಕಿ ಇರುತ್ತಿತ್ತು. ಒಮ್ಮೆ ಬಾಳೆಹಣ್ಣು ತರಲು ಎಡಿಸನ್‌ಗೆ ಹೊರಟವರು, ಕಾರಿನವರ ಜೊತೆ ಯಾರದೋ ಸೀಮಂತಕ್ಕೆ ಹೋಗಿ, ಅಲ್ಲಿ ಹಾಡು ಹೇಳಿ, ಬಾಳೆಹಣ್ಣಿನ ಬದಲು ಒಬ್ಬಟ್ಟು ಹಿಡಿದುಕೊಂಡು ಬಂದರು. "ಕಾಲು ನನ್ನದು, ಚಕ್ರ ಊರಿನದು" ಎಂಬುದು ಅವರ ಮಾತು.

ನಾನು ಅವರನ್ನು ಸರಿಯಾಗಿ ತಿಳಿದದ್ದು ನನಗೇ ಕಾರು ಬೇಡವಾದಾಗ.

ಒಂದು ಡಿಸೆಂಬರಿನ ಬೆಳಿಗ್ಗೆ ರೂಟ್ ಒನ್‌ನಲ್ಲಿ ಪ್ರಿನ್ಸ್‌ಟನ್‌ನ ನನ್ನ ಆಫೀಸಿಗೆ ಹೋಗುತ್ತಿದ್ದೆ. ಮೇಲ್ಸೇತುವೆಯ ನೆರಳು ಬಿದ್ದಲ್ಲಿ ರಸ್ತೆಯ ಮೇಲೆ ತೆಳ್ಳಗೆ ಐಸ್ ಇತ್ತು. ನನ್ನ ಮುಂದಿನ ಬೂದು ಬಣ್ಣದ ಕಾರು ಜಾರಿತು. ಅದರ ಹಿಂದಿನ ದೀಪಗಳು ಒಮ್ಮೆ ಎಡಕ್ಕೆ ಹೋದವು, ಮತ್ತೆ ಬಲಕ್ಕೆ ಬಂದವು. ಆಮೇಲೆ ಕಾರು ಮಗುಚಿಕೊಂಡಿತು. ನನ್ನ ಕಾರು ಅದಕ್ಕೆ ಒಂದು ಮಾರು ದೂರದಲ್ಲಿ ನಿಂತಿತು. ಮಗುಚಿದ ಕಾರಿನ ಒಂದು ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಒಳಗಿದ್ದವನು ಕಿಟಕಿಯಿಂದ ತೆವಳಿ ಹೊರಬಂದ. ಹಣೆಯ ಮೇಲೆ ಒಂದು ಗೀರು. "ಫೋನ್ ಒಳಗೇ ಉಳಿಯಿತು" ಎಂದ. ಅಷ್ಟೇ ಆದದ್ದು. ನನಗಂತೂ ಏನೂ ಆಗಲಿಲ್ಲ. ನಾನು ಬರೀ ನೋಡಿದವಳು.

ಮರುದಿನ ಕಾರಿನ ಬಾಗಿಲು ತೆರೆದೆ, ಕೂರಲು ಆಗಲಿಲ್ಲ. ಗಂಡ ಓಡಿಸಿದರೂ ಆಗಲಿಲ್ಲ. ರೈಲು, ವಿಮಾನ ತೊಂದರೆಯಿಲ್ಲ. ಎದುರಿಗೆ ರಸ್ತೆ ಕಾಣಬಾರದು, ಅಷ್ಟೆ. ನನ್ನದು ಔಷಧ ಕಂಪನಿಯೊಂದರಲ್ಲಿ ಪರೀಕ್ಷೆಯ ವರದಿ ಬರೆಯುವ ಕೆಲಸ. ವಸಂತದವರೆಗೆ ಮನೆಯಿಂದಲೇ ಮಾಡಲು ಬಿಟ್ಟರು. ಆಮೇಲೆ ಬರಲೇಬೇಕು, ಇಲ್ಲವಾದರೆ ಕೆಲಸವಿಲ್ಲ. ಆಫೀಸಿನ ಹತ್ತಿರ ಬಸ್ಸೂ ಬರುವುದಿಲ್ಲ, ರೈಲೂ ಬರುವುದಿಲ್ಲ.

ಅದೇ ಚಳಿಗಾಲದಲ್ಲಿ ಆಂಟಿಯ ಚರ್ಚಿನ ಲಾಟರಿಯಲ್ಲಿ ಅವರ ಹೆಸರು ಬಂತು. ಇಬ್ಬರಿಗೆ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪಕ್ಕೆ ಟಿಕೆಟ್, ಹೋಟೆಲ್ ವಾಸ. ಚರ್ಚಿನಲ್ಲಿ ಅವರಿಗಿದ್ದ ಮೂವರು ಗೆಳತಿಯರೂ ತಮ್ಮನ್ನೇ ಕರೆಯುತ್ತಾರೆ ಎಂದು ಕಾಯುತ್ತಿದ್ದರು. ಆಂಟಿ ನಮ್ಮ ಮನೆಗೆ ಬಂದು, "ಸೂಟ್‌ಕೇಸ್ ಉಂಟಾ ನಿನ್ನ ಹತ್ತಿರ, ಇಲ್ಲ ನಂದು ಕೊಡಲಾ?" ಎಂದರು.

ನನ್ನ ಗಂಡ ಫೋನಿನಲ್ಲಿ ದ್ವೀಪದ ನಕ್ಷೆ ತೆರೆದ. "ಆಂಟಿ, ಅಲ್ಲಿ ಎಲ್ಲ ಬೆಟ್ಟ. ಕಾರ್ ರೆಂಟ್ ಮಾಡದೇ ಇದ್ರೆ ರೂಮಲ್ಲೇ ಕೂತಿರಬೇಕಾಗತ್ತೆ."

"ಯಾಕೆ? ಅಲ್ಲಿಯ ಜನ ಕೆಲಸಕ್ಕೆ ಹೋಗುವುದಿಲ್ಲವಾ? ಅವರ ಹಿಂದೆ ಹೋದರಾಯ್ತು."

ನನ್ನ ಕಡೆ ತಿರುಗಿ, "ಅದು ಥಾಮಸರ ದ್ವೀಪ ಮಗಳೇ. ಯೇಸು ಸತ್ತು ಎದ್ದು ಬಂದದ್ದರಲ್ಲಿ ಅವರಿಗೂ ಭಾರೀ ಸಂಶಯ ಇತ್ತು. ಗಾಯ ಮುಟ್ಟಿ ನೋಡಿದ ಮೇಲೆಯೇ ಹೋದದ್ದು" ಎಂದರು.

ಮೆಟುಚೆನ್ ಸ್ಟೇಷನ್‌ವರೆಗೆ ಹಿಮದಲ್ಲಿ ಸೂಟ್‌ಕೇಸ್ ಎಳೆದುಕೊಂಡು ನಡೆದು, ರೈಲಿನಲ್ಲಿ ನ್ಯೂಆರ್ಕ್ ಏರ್‌ಪೋರ್ಟಿಗೆ ಹೋದೆವು. ದ್ವೀಪದಲ್ಲಿ ಇಳಿದು ಹೋಟೆಲಿಗೆ ಹೋದ ವ್ಯಾನಿನಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಬಿಸಿಗಾಳಿ, ಉಪ್ಪಿನ ವಾಸನೆ, ಎಲ್ಲೋ ಕೋಳಿ ಕೂಗಿದ್ದು, ಇಷ್ಟೇ ಆ ದಾರಿಯ ನೆನಪು.

ಮರುದಿನ ಹೋಟೆಲಿನ ಹುಡುಗಿ ಟ್ಯಾಕ್ಸಿ ಕರೆಯಲೇ ಎಂದಳು. ಆಂಟಿ ಹೊರಗಿನ ರಸ್ತೆಗೆ ಕೈ ತೋರಿಸಿ ಅದೇನು ಎಂದು ಕೇಳಿದರು. ಟ್ರಕ್ಕಿನ ಹಿಂಭಾಗಕ್ಕೆ ಸಾಲು ಸಾಲು ಬೆಂಚು ಕೂರಿಸಿ, ಮೇಲೆ ತಗಡು ಹೊದಿಸಿದ್ದ ಗಾಡಿ. ಪಕ್ಕಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಅದನ್ನು ಸಫಾರಿ ಎನ್ನುತ್ತಾರೆ, ಅದು ಇಲ್ಲಿಯವರು ಓಡಾಡುವುದಕ್ಕೆ ಎಂದು ಹುಡುಗಿ ಹೇಳಿದಳು.

"ನಾವೂ ಯಾವುದೋ ಒಂದು ಊರಿಗೆ 'ಇಲ್ಲಿಯವರೇ'" ಎಂದು ಆಂಟಿ ಹೊರಟೇ ಬಿಟ್ಟರು.

ಕೈ ಮಾಡಿದಾಗ ಸಫಾರಿ ನಿಂತಿತು. ಮುಂದಿನ ಬೆಂಚಿನಲ್ಲಿ ಕೆಲಸದ ಬೂಟು ಹಾಕಿದ ಒಬ್ಬ ದೊಡ್ಡ ಆಳು ಕೂತಿದ್ದ. ಊರಿನ ಬಸ್ಸಿನಲ್ಲಿ ಮುಂದೆ ಹೆಂಗಸರು, ಹಿಂದೆ ಗಂಡಸರು ಕೂತು ಬೆಳೆದ ಆಂಟಿ, ಅವನ ಮುಂದೆ ನಿಂತು ಇಂಗ್ಲಿಷಿನಲ್ಲಿ, "ಮುಂದಿನದು ಲೇಡೀಸ್ ಸೀಟಲ್ಲವಾ? ಸ್ವಲ್ಪ ಹಿಂದೆ ಹೋಗಪ್ಪ" ಎಂದರು.

ಆ ಆಳು ಆಂಟಿಯನ್ನೂ ಅವರ ಚೀಲವನ್ನೂ ನೋಡಿದ. ಹಿಂದಿನ ಬೆಂಚಿನಿಂದ, ಇಸ್ತ್ರಿ ಮಾಡಿದ ಹಳದಿ ಉಡುಪಿನ ಒಬ್ಬ ಅಜ್ಜಿ ನಿಧಾನವಾಗಿ, ಗಟ್ಟಿಯಾಗಿ, "ಗುಡ್ ಮಾರ್ನಿಂಗ್" ಎಂದರು.

ಆಂಟಿ ತಿರುಗಿದರು. ಅಜ್ಜಿ ಮುಂದುವರಿಸಿದರು. "ಈ ದ್ವೀಪದಲ್ಲಿ ಗಾಡಿ ಹತ್ತಿದವರು ಮೊದಲು ಗುಡ್ ಮಾರ್ನಿಂಗ್ ಹೇಳುತ್ತಾರೆ. ಜಗಳ ಆಮೇಲೆ."

ಆಂಟಿಯ ಮುಖ ಕೆಂಪಾಯಿತು. ಚೀಲವನ್ನು ಎದೆಗೆ ಒತ್ತಿಕೊಂಡು, ಎಲ್ಲ ಬೆಂಚುಗಳ ಕಡೆಗೂ ನೋಡಿ, "ಗುಡ್ ಮಾರ್ನಿಂಗ್" ಎಂದರು. ಎಲ್ಲ ಬೆಂಚುಗಳೂ ತಿರುಗಿ ಹೇಳಿದವು. ಆಮೇಲೆ ಆಂಟಿ ಆ ಆಳಿನ ಕಡೆ ತಿರುಗಿ, "ಈಗ ಜಗಳ ಮಾಡಬಹುದಾ?" ಎಂದರು.

ಮೊದಲು ನಕ್ಕವನು ಅವನೇ. ಎದ್ದು ಹಿಂದೆ ಹೋದ. "ಹಾಗಾದರೆ ನಾನೂ ಲೇಡಿಯೇ" ಎಂದು ಹಳದಿ ಉಡುಪಿನ ಅಜ್ಜಿ ಮುಂದೆ ಬಂದರು. ಅವರ ಹಿಂದೆ ಮೀನಿನ ಡಬ್ಬಿ ಹಿಡಿದ ಇನ್ನೊಬ್ಬಳು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಮದುವೆಮನೆಯ ಗಲಾಟೆ ಮುಗಿದಿದ್ದರೆ ಹೊರಡಲೇ ಎಂದು ಕೇಳಿದ.

ಗಾಡಿ ಹೊರಟಿತು. ಅಲ್ಲಿ ಇಂಡಿಯಾದ ಹಾಗೆ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಾರೆ. ನಾನು ಬೆಂಚಿನ ತುದಿಯಲ್ಲಿದ್ದೆ. ಪಕ್ಕದಲ್ಲಿ ಗೋಡೆಯಿಲ್ಲ, ಕೆಳಗೆ ಕಡಿದಾದ ಇಳಿಜಾರು, ಅದರ ಕೆಳಗೆ ಸಮುದ್ರ. ಮೊದಲ ತಿರುವಿಗೇ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಎದುರಿನಿಂದ ಬಂದ ಬೂದು ಕಾರೊಂದು ನಮ್ಮನ್ನು ಸವರಿಕೊಂಡು ಹೋಯಿತು. ಕಣ್ಣು ಮುಚ್ಚಿಕೊಂಡೆ. ನನಗೆ ಅರಿವಿಲ್ಲದೆ ಬಾಯಿಯಿಂದ ಬರತೊಡಗಿತು: ಸೇತುವೆಯ ನೆರಳು, ಹಿಂದಿನ ದೀಪಗಳು, ಎಡಕ್ಕೆ, ಬಲಕ್ಕೆ. ಪೊಲೀಸರಿಗೆ, ಇನ್ಶೂರೆನ್ಸಿನವರಿಗೆ, ಗಂಡನಿಗೆ, ಡಾಕ್ಟರಿಗೆ ಹೇಳಿದ್ದ ಅದೇ ಕ್ರಮದಲ್ಲಿ.

ಆಂಟಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು.

"ಎಷ್ಟು ಚಂದ ಹೇಳ್ತೀ ಮಾರಾಯ್ತಿ, ಒಂದು ಅಕ್ಷರ ಬಿಡದೆ. ಆದರೆ ಆ ಒಂದೇ ರಸ್ತೆಯನ್ನು ಎಷ್ಟು ಸಲ ಹೇಳ್ತೀ? ಈ ರಸ್ತೆಯನ್ನು ಹೇಳು. ನಾನು ಒಳಗಿನ ಬದಿ ಕೂತಿದ್ದೇನೆ, ನನಗೆ ಕಾಣುವುದಿಲ್ಲ."

ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ನಾನು ಕಣ್ಣು ತೆರೆದು ಹೇಳಿದೆ. ಗುಲಾಬಿ ಗೋಡೆಯ ಮನೆ. ಬೇಲಿಯ ಮೇಲೆ ಹುಂಜ.

"ಯಾವ ಬಣ್ಣ?"

"ಕೆಂಪು. ಬಾಲ ಕಪ್ಪು."

"ಮುಂದೆ?"

ಮುಂದೆ ಯೂನಿಫಾರ್ಮಿನ ಮಕ್ಕಳು. ಒಬ್ಬಳ ಕಾಲುಚೀಲ ಜಾರಿದೆ. ಕಲ್ಲಿನ ಮೇಲೆ ಬಿಸಿಲು ಕಾಯುತ್ತಿರುವ ದೊಡ್ಡ ಓತಿ. ತಿರುವು ಬರುತ್ತಿದೆ, ಬಲಕ್ಕೆ. ತಿರುವು ಹೋಯಿತು. ನುಗ್ಗೆಮರ.

"ನುಗ್ಗೆಯಾ? ಸರಿ ನೋಡಿದ್ದೀಯಾ?"

"ಕಾಯಿ ಇದೆ ಆಂಟಿ."

"ಹಾಗಾದರೆ ನಾಳೆ ಇಲ್ಲೇ ಇಳಿಯುವ."

ಇಳಿದೆವು ಕೂಡ. ಆ ಮನೆಯವಳಿಗೆ ಆ ಕಾಯಿ ತಿನ್ನುವಂಥದ್ದು ಎಂದು ಗೊತ್ತಿರಲಿಲ್ಲ. ಆಂಟಿ ಗುಡ್ ಮಾರ್ನಿಂಗ್‌ನಿಂದ ಶುರುಮಾಡಿ, ಅವಳ ಒಲೆಯ ಮೇಲೆಯೇ ನುಗ್ಗೆಕಾಯಿ ಪಲ್ಯ ಮಾಡಿ ಕೊಟ್ಟು ಬಂದರು. ಅಲ್ಲಿದ್ದಷ್ಟು ದಿನವೂ ನಾವು ಸಫಾರಿಯಲ್ಲೇ ತಿರುಗಿದೆವು. ಪಟ್ಟಣಕ್ಕೆ, ಸಂತೆಗೆ, ದೋಣಿಕಟ್ಟೆಗೆ. ಆಂಟಿ ತಮ್ಮ ಹಳೆಯ ಪ್ರಶ್ನೆಯನ್ನು ಅಲ್ಲೂ ಬಿಡಲಿಲ್ಲ. ಪಕ್ಕದಲ್ಲಿ ಕೂತವರನ್ನು ಎಲ್ಲಿಗೆ ಎಂದು ಕೇಳಿ, ಅಲ್ಲೇ ನಮಗೂ ಕೆಲಸ ಹುಡುಕುತ್ತಿದ್ದರು. ಹಾಗಾಗಿ ನಾವು ಯಾವ ಪುಸ್ತಕದಲ್ಲೂ ಇಲ್ಲದ ಒಂದು ಕಡಲತೀರವನ್ನೂ, ಒಂದು ಹೊಲಿಗೆ ಅಂಗಡಿಯನ್ನೂ, ಒಂದು ನಾಮಕರಣವನ್ನೂ ನೋಡಿದೆವು. ದಾರಿಯುದ್ದಕ್ಕೂ ನಾನು ಹೇಳುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಕಂಬಿ ಹಿಡಿಯುವುದನ್ನು ಮರೆತಿದ್ದೆ. ಕೈಯಲ್ಲಿ ಮಾವಿನಹಣ್ಣಿತ್ತು.

ಕೊನೆಯ ದಿನ ಆ ದೊಡ್ಡ ಆಳು ಮತ್ತೆ ಸಿಕ್ಕ. ಆಂಟಿಯನ್ನು ಕಂಡದ್ದೇ ಎದ್ದು, "ಗುಡ್ ಮಾರ್ನಿಂಗ್. ಲೇಡೀಸ್" ಎಂದು ಬಗ್ಗಿ ಹಿಂದೆ ಹೋದ.

ಮೆಟುಚೆನ್‌ಗೆ ಮರಳಿದ ಮೇಲೆ ಎಲ್ಲ ಸರಿಹೋಯಿತು ಎಂದೇನಲ್ಲ. ಅಲ್ಲಿನ ರಸ್ತೆ ಬೇರೆ, ರೂಟ್ ಒನ್ ಬೇರೆ. ಹಿಮ ಕರಗಿತು, ಆಫೀಸಿನ ದಿನ ಹತ್ತಿರ ಬಂತು, ಕಾರು ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಆಂಟಿ, ಮೊಣಕೈಯಲ್ಲಿ ಚೀಲ.

"ಎಲ್ಲಿಗೆ ಹೋಗ್ತೀ?"

"ಎಲ್ಲಿಗೂ ಇಲ್ಲ ಆಂಟಿ."

"ಹೌದಾ? ನನಗೂ ಅಲ್ಲೇ ಒಂದು ಕೆಲಸ ಉಂಟು. ಬಾ, ಕಾರು ತೆಗೆ."

ನಗು ಬಂದು ಕೀ ತೆಗೆದುಕೊಂಡೆ. ಇಬ್ಬರೂ ಕಾರಿನಲ್ಲಿ ಕೂತೆವು. ಎಂಜಿನ್ ಶುರು ಮಾಡುವ ಮೊದಲು ಆಂಟಿ ಡ್ಯಾಶ್‌ಬೋರ್ಡಿಗೆ ಗುಡ್ ಮಾರ್ನಿಂಗ್ ಹೇಳಿದರು. ನಾನೂ ಹೇಳಿದೆ. ಆ ದಿನ ಬೀದಿಯ ಕೊನೆಯವರೆಗೆ ಹೋಗಿ ಬಂದೆವು. ಎರಡು ಪೋಸ್ಟ್‌ಬಾಕ್ಸ್, ಒಂದು ಅಳಿಲು, ಬಿದ್ದಿದ್ದ ಸೈಕಲ್. ಎಲ್ಲವನ್ನೂ ಹೇಳಿದೆ. ಆಮೇಲೆ ಲೈಬ್ರರಿಯವರೆಗೆ, ಎಡಿಸನ್‌ವರೆಗೆ. ಕೊನೆಗೆ ಆ ಮೇಲ್ಸೇತುವೆ. ಅದರ ಕೆಳಗೆ ಹಾದುಹೋಗುವಾಗ ಆಂಟಿ ಕೇಳಿದರು, "ಎಂತ ಕಾಣ್ತದೆ?"

"ನೆರಳು."

"ಮತ್ತೆ?"

"ಅದರ ಆಚೆ ಬಿಸಿಲು."

"ಹ್ಞೂಂ. ಹೋಗುವ."

ಆಫೀಸಿನವರು ಹೇಳಿದ ದಿನ ನಾನು ಪ್ರಿನ್ಸ್‌ಟನ್‌ನಲ್ಲಿದ್ದೆ. ಆಂಟಿಗೂ ಅಂದು ಪ್ರಿನ್ಸ್‌ಟನ್‌ನಲ್ಲಿ ಒಂದು ಕೆಲಸವಿತ್ತಂತೆ. ಸಂಜೆಯವರೆಗೆ ಯೂನಿವರ್ಸಿಟಿಯ ಮರಗಳ ಕೆಳಗೆ ಕೂತು, ಯಾರೋ ಸ್ಟೂಡೆಂಟಿನ ಸ್ವೆಟರಿಗೆ ಗುಂಡಿ ಹೊಲಿದುಕೊಟ್ಟಿದ್ದರು.

ಹೋದ ಶರತ್ಕಾಲದಲ್ಲಿ ಆಂಟಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಚರ್ಚಿನಿಂದ ಸಿಮೆಟರಿಗೆ ಹೋಗಲು ಅವರ ಮೂವರು ಗೆಳತಿಯರು ನನ್ನ ಕಾರಿನ ಹತ್ತಿರ ಬಂದರು. ಲಾಟರಿಯ ಟಿಕೆಟ್ ಸಿಗದಿದ್ದ ಅದೇ ಮೂವರು. ಮುಂದಿನ ಸೀಟಿನಲ್ಲಿ ಯಾರು ಕೂರಬೇಕು ಎಂದು ಬಾಗಿಲಲ್ಲೇ ಶುರುವಾಯಿತು.

"ನನ್ನ ಮೊಣಕಾಲು ಹಿಂದೆ ಹಿಡಿಸುವುದಿಲ್ಲ."

"ನಿನ್ನ ಮೊಣಕಾಲು ಟೂರ್ ಹೋಗುವಾಗ ಸರಿ ಇರ್ತದೆ."

"ಗುಡ್ ಮಾರ್ನಿಂಗ್" ಎಂದೆ ನಾನು.

ಮೂವರೂ ತಿರುಗಿ ನನ್ನನ್ನು ನೋಡಿದರು. ಆಂಟಿಯ ಬಾಯಲ್ಲಿ ಅದನ್ನು ಕೇಳಿ ಕೇಳಿ ಅವರಿಗೂ ಅಭ್ಯಾಸವಾಗಿತ್ತು. ಒಬ್ಬರಾದ ಮೇಲೆ ಒಬ್ಬರು ಗುಡ್ ಮಾರ್ನಿಂಗ್ ಎಂದು, ಮೂವರೂ ಹಿಂದೆಯೇ ಒತ್ತಿಕೊಂಡು ಕೂತು, ಆಮೇಲೆ ಜಗಳ ಮುಂದುವರಿಸಿದರು. ಮುಂದಿನ ಸೀಟು ಖಾಲಿ ಉಳಿಯಿತು. ಅದರ ಮೇಲೆ ಆಂಟಿಯ ಕೈಚೀಲವನ್ನು ಇಟ್ಟೆ. ಅವರ ಕಡೆಯ ನೆಂಟರು ನನಗೆಂದು ಕೊಟ್ಟದ್ದು.

ಆಂಟಿಯಿದ್ದ ಉದ್ದನೆಯ ಕಪ್ಪು ಗಾಡಿ ಮುಂದೆ ಹೊರಟಿತು. ನಾನು ಅದರ ಹಿಂದೆ ಹೊರಟೆ.

"ಮೇಪಲ್ ಮರ" ಎಂದೆ. "ಪೂರ್ತಿ ಕೆಂಪಾಗಿದೆ."

ಹಿಂದಿನ ಸೀಟಿನಲ್ಲಿ ಜಗಳ ನಿಂತಿತು. ಒಬ್ಬರು ಮುಂದಕ್ಕೆ ಬಗ್ಗಿ ಕೇಳಿದರು, "ಮುಂದೆ ಎಂತ ಕಾಣ್ತದೆ?"