ಧೂಳಿಗೆ ಎದುರಾಗಿ ಹಿಡಿದ ಚುಕ್ಕಾಣಿ

ಕಾಲೇಜಿನ ದೋಣಿ ತಂಡಕ್ಕೆ ನನ್ನನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನಾನು ಕಡ್ಡಿಯ ಹಾಗಿದ್ದೆ, ಗಂಟಲು ಮಾತ್ರ ಜೋರಾಗಿತ್ತು. ನಾಲ್ವರು ಹುಡುಗಿಯರು ಹುಟ್ಟು ಹಾಕಬೇಕು, ನಾನು ಹಿಂತುದಿಯಲ್ಲಿ ಕೂತು ಚುಕ್ಕಾಣಿ ಹಿಡಿದು ಕೂಗಬೇಕು. ಪಂದ್ಯದ ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೇನಿದೆ ಎಂದು ಕಾಣುವುದು ಚುಕ್ಕಾಣಿಯವಳಿಗೆ ಮಾತ್ರ. ಈಜು ಬಾರದವಳಿಗೆ ಸಮುದ್ರದಲ್ಲೇನು ಕೆಲಸ ಎಂದು ನಾವಿದ್ದ ಕೊಲ್ಲಿ ದೇಶದ ರಿಗ್ಗೈ ಬಡಾವಣೆಯ ಮನೆಯಲ್ಲಿ ಅಮ್ಮ ಗೊಣಗಿದಾಗ, ಲೈಫ್ ಜಾಕೆಟ್ ಇರುತ್ತದೆ ಎಂದು ಬಾಯಿ ಮುಚ್ಚಿಸಿದ್ದೆ. ನಿಜಕ್ಕೂ ದೋಣಿ ಹತ್ತಿದಾಗಲೆಲ್ಲ ಜಾಕೆಟ್ಟಿನ ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದೆ.

ಆ ಏಪ್ರಿಲ್‌ನಲ್ಲಿ ಸಲ್ವಾ ಕಡಲತೀರದಲ್ಲಿ ಕಾಲೇಜುಗಳ ಪಂದ್ಯ. ಬೆಳಗ್ಗೆಯೇ ಆಕಾಶ ಹಳದಿಗಟ್ಟಿತ್ತು. ಹತ್ತು ನಿಮಿಷದ ಕೆಲಸ, ಯಲ್ಲಾ, ಹೊರಡಿ ಎಂದು ಕೋಚ್ ಹೊರಡಿಸಿಬಿಟ್ಟರು. ದೂರದಲ್ಲಿ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಡ್ರಮ್ಮನ್ನು ಸುತ್ತಿ ದಡಕ್ಕೆ ಮರಳಬೇಕಿತ್ತು.

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನನಗೆ ಎದುರಾಗಿ ಕೂರುತ್ತಿದ್ದವಳು ಬ್ನೇದ್ ಅಲ್ ಗಾರ್ ಬಡಾವಣೆಯಿಂದ ಬರುತ್ತಿದ್ದ ಮಂಗಳೂರಿನ ಗೆಳತಿ. ಉಳಿದ ಮೂವರು ಅವಳ ಬೆನ್ನ ಹಿಂದೆ. ಅವರಿಗೆ ನನ್ನ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಡ್ರಮ್ ಹತ್ತಿರವಾಗುತ್ತಿದ್ದಂತೆ ಗೆಳತಿಯ ದೃಷ್ಟಿ ನನ್ನ ತಲೆಯ ಮೇಲಿಂದ ದಡದತ್ತ ನೆಟ್ಟಿತು. ಮುಖ ಬಿಳಚಿಕೊಂಡಿತು. ತಿರುಗಿ ನೋಡಿದೆ. ಕಟ್ಟಡಗಳಿಗಿಂತ ಎತ್ತರದ ಕಂದು ಧೂಳು ಊರನ್ನೇ ನುಂಗುತ್ತ ಬರುತ್ತಿತ್ತು.

ಹೇಗೋ ದೋಣಿ ತಿರುಗಿಸುವಷ್ಟರಲ್ಲಿ ಧೂಳು ನಮ್ಮನ್ನು ಮುಚ್ಚಿತು. ಗಾಳಿ ದಡದ ಕಡೆಯಿಂದ, ನನ್ನ ಬಲಕ್ಕೆ ಓರೆಯಾಗಿ ಬೀಸುತ್ತಿತ್ತು. ಹುಟ್ಟು ನಿಂತರೆ ನಡುಗಡಲೇ ಗತಿ. ಉಳಿದ ಕಾಲೇಜುಗಳ ದೋಣಿಗಳಾಗಲಿ, ಕಾವಲಿಗಿದ್ದ ಮೋಟಾರು ದೋಣಿಯಾಗಲಿ ಎಲ್ಲಿಯೂ ಕಾಣಲಿಲ್ಲ. ಬಲಗೆನ್ನೆಗೆ ಮರಳು ಚುಚ್ಚುತ್ತಿರುವವರೆಗೆ ದಡ ಎದುರಿಗೇ ಇದೆ ಎಂದು ಅಂದಾಜು ಮಾಡಿ ಚುಕ್ಕಾಣಿ ಹಿಡಿದೆ. ಗಾಳಿಯೇ ದಿಕ್ಕು ಬದಲಿಸಿದ್ದರೆ? ಸಾಯುತ್ತೇವೆ ಎಂದೇ ಅನ್ನಿಸಿತು.

ಆಚೆ ತುದಿಯಲ್ಲಿದ್ದ ಮಲಯಾಳಿ ಹುಡುಗಿ, ದಡ ಕಾಣುತ್ತಿದೆಯಾ ಎಂದು ಅಳುತ್ತ ಇಂಗ್ಲಿಷಿನಲ್ಲಿ ಕೇಳಿದಳು. ಹುಟ್ಟುಗಳು ಒಂದಕ್ಕೊಂದು ಬಡಿದವು. ಕಾಣುತ್ತಿದೆ, ಬಾವುಟವೂ ಕಾಣುತ್ತಿದೆ ಎಂದು ಕೂಗಿದೆ. ಗೆಳತಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಆಮೇಲೆ, ಕೇಳಿತಲ್ಲ, ಎಳೆಯಿರಿ ಎಂದು ಹಿಂದಿನವರನ್ನು ಗದರಿ ತಾನೂ ಜೋರಾಗಿ ಎಳೆದಳು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ದೋಣಿಯ ತಳ ಕಲ್ಲಿಗೆ ಉಜ್ಜಿ ನಿಂತಿತು. ಹೊರಟ ಜಾಗದಿಂದ ಬಹಳ ದೂರ, ಯಾರದೋ ಮನೆಗಳ ಹಿಂದಿನ ತೀರ. ಮೊಣಕಾಲುದ್ದದ ನೀರಿನಲ್ಲಿ ಮೂವರೂ ನನ್ನನ್ನು ತಬ್ಬಿಕೊಂಡರು. ನಿನ್ನ ಕಣ್ಣಿನಿಂದ ಬದುಕಿದೆವು ಎಂದರು.

ಅವರು ದಡ ಹತ್ತುವವರೆಗೆ ಗೆಳತಿ ದೋಣಿಯ ಅಂಚು ಹಿಡಿದು ನಿಂತಿದ್ದಳು. ಅವಳ ಅಂಗೈಗಳಲ್ಲಿ ಗುಳ್ಳೆ ಎದ್ದು ಒಡೆದಿದ್ದವು.

"ನಿಂಗೆ ಎಂತದೂ ಕಾಣ್ತಿರ್ಲಿಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ.

"ನಂಗೆ ಆಗ್ಲೇ ಗೊತ್ತಾಯ್ತು ಮಾರಾಯ್ತಿ. ನಿನ್ನ ಮುಖ ನೋಡಿಕೊಂಡೇ ಎಳ್ದದ್ದು ನಾನು."

ಅಷ್ಟು ಹೊತ್ತೂ ದೋಣಿಯಲ್ಲಿ ಸತ್ಯ ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಗುಳ್ಳೆ ಒಡೆದ ಅಂಗೈ ನೋಯದಂತೆ ಅವಳ ಮಣಿಕಟ್ಟು ಹಿಡಿದುಕೊಂಡೆ, ಇಬ್ಬರೂ ದಡ ಹತ್ತಿದೆವು.