ರವಿವಾರ ಪುಷ್ಪಾವತಿ ಸೂಡಿಗೆ ಹೋದಳು

ಸೂಡಿ ಊರಿನ ಆ ಮನೆಗೆ ಪುಷ್ಪಾವತಿ ಮೂರನೆಯ ಸಲ ಬಂದಾಗ ಕಳಕವ್ವ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತದೆಯೇ ಕೇಳಿದಳು.

"ಮತ್ತ ಬಂದ್ರೇನ್ರಿ ಬಾಯಾರ? ಮೊನ್ನೆ ಎಲ್ಲಾ ಹೇಳೇನಲ್ಲ."

"ನೀವು ಮನಿದು ಹೇಳೀರಿ. ನಿಮ್ಮ ಸೊಸಿದು ಉಳದೈತ್ರಿ."

"ಅಕಿದೂ ನಾನೇ ಹೇಳ್ತೀನಿ, ಬರಕೋರಿ. ಅಕಿಗೇನ ತಿಳೀತೈತಿ?"

ಪುಷ್ಪಾವತಿ ಚೀಲ ಕೆಳಗಿಟ್ಟು ಕಟ್ಟೆಯ ಅಂಚಿಗೆ ಕೂತಳು. ಈ ಮಾತು ಅವಳಿಗೆ ಹೊಸದಲ್ಲ. ಕುಟುಂಬ ಮತ್ತು ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಸರಕಾರ ನಡೆಸುವ ಸಮೀಕ್ಷೆಗೆ ಅವಳು ಸೇರಿ ಎರಡು ತಿಂಗಳಾಗಿತ್ತು. ಹದಿನೈದರಿಂದ ನಲವತ್ತೊಂಬತ್ತು ವರ್ಷದೊಳಗಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ, ಬೇರೆ ಯಾರೂ ಇಲ್ಲದಲ್ಲಿ ಕೂರಿಸಿಕೊಂಡು ಮಾತಾಡಿಸಬೇಕು. ಮದುವೆ ಯಾವಾಗ ಆಯಿತು, ಎಷ್ಟು ಹೆರಿಗೆ, ಎಷ್ಟು ಮಕ್ಕಳು ಉಳಿದವು, ಮಕ್ಕಳು ಸಾಕೆಂದು ಏನು ಮಾಡಿದಿರಿ, ಗಂಡ ಎಂದಾದರೂ ಕೈ ಎತ್ತಿದ್ದಾನೆಯೇ. ಇಂಥ ಪ್ರಶ್ನೆಗೆ ಅತ್ತೆಯ ಎದುರು ಯಾವ ಸೊಸೆಯೂ ಉತ್ತರ ಕೊಡುವುದಿಲ್ಲ, ಕೊಟ್ಟರೂ ಅದು ಅವಳ ಉತ್ತರವಾಗಿರುವುದಿಲ್ಲ.

ಪುಷ್ಪಾವತಿ ಗಜೇಂದ್ರಗಡದ ನೇಕಾರರ ಮನೆಯವಳು. ವಯಸ್ಸು ನಲವತ್ತೆರಡು. ಹನ್ನೆರಡು ವರ್ಷದ ಹಿಂದೆ ಬೆನ್ನು ನೋವಿನಿಂದ ಮಗ್ಗದ ಕುಣಿಯಲ್ಲಿ ಕೂರುವುದು ಆಗದೆ ಹೋದಾಗ, ಮನೆಯಲ್ಲೇ ಓದಿ ಬಿ.ಎ. ಮುಗಿಸಿದಳು. ಊರವರು ನಕ್ಕರು. ಅವಳು ಓದಿದಳು. ಈ ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ ಅವಳೇ ಹಿರಿಯಳು. ಗದಗಿನ ತರಬೇತಿಯಲ್ಲಿ ಟ್ಯಾಬ್ ಒತ್ತುವುದನ್ನು ಕಲಿಯಲು ಉಳಿದವರಿಗೆ ಎರಡು ದಿನ ಹಿಡಿದರೆ ಅವಳಿಗೆ ಐದು ದಿನ ಹಿಡಿಯಿತು. ಆದರೆ ಮಾತಾಡಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವಳ ಮೇಲ್ವಿಚಾರಕ ಕನಕರಾಜ ಕೆಟ್ಟವನಲ್ಲ, ಆದರೆ ಅವನಿಗೂ ಮೇಲಿನವರ ಒತ್ತಡವಿತ್ತು. "ಒಂದ್ ಮನಿಗೆ ಮೂರ್ ಸಲ ಹೋದ್ರ ಹ್ಯಾಂಗ್ರಿ? ಅತ್ತಿ ಹೇಳಿದ್ದನ್ನ ಹಾಕಿ ಮುಗಸ್ರಿ," ಎಂದು ಹಿಂದಿನ ದಿನವೇ ಹೇಳಿದ್ದ.

"ಅತ್ತಿ ಹೇಳಿದ್ದು ಅತ್ತಿದಾಗತೈತ್ರಿ ಸರ್. ಸೊಸಿದಲ್ಲ," ಎಂದು ಪುಷ್ಪಾವತಿ ಬಸ್ಸು ಹತ್ತಿದ್ದಳು.

ಈಗ ಕಳಕವ್ವ ಮೊರ ತಟ್ಟುತ್ತ, "ಅಲ್ಲ, ನನ್ನ ಯಾಕ ಕೇಳೂದಿಲ್ಲ ನೀವು?" ಎಂದಳು. ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. "ಐವತ್ತ ದಾಟಿದ ಹೆಂಗಸರಿಗೆ ಮೈ ಇರೂದಿಲ್ಲೇನು? ಎಂಟ್ ಹಡದೀನಿ ನಾನು."

ಪುಷ್ಪಾವತಿ ಟ್ಯಾಬನ್ನು ಚೀಲದೊಳಗೆ ಹಾಕಿದಳು. ಇದನ್ನು ಬರೆದುಕೊಳ್ಳುವ ಜಾಗ ಅದರಲ್ಲಿ ಇರಲಿಲ್ಲ.

"ಹೇಳ್ರಿ ಯವ್ವಾ. ಬರಕೊಳ್ಳೂದಿಲ್ಲ, ಕೇಳ್ತೀನಿ."

ಕಳಕವ್ವ ಹೇಳಿದಳು. ಮೊದಲನೆಯದು ಹೊಲದಲ್ಲಿ ಹುಟ್ಟಿದ್ದು, ಎರಡನೆಯದಕ್ಕೆ ಹೆಸರಿಡುವ ಮೊದಲೇ ಜ್ವರ ಬಂದದ್ದು, ಐದನೆಯದು ಅತ್ತಿದ್ದೇ ಇಲ್ಲ ಎಂಬುದು. ಎಂಟರಲ್ಲಿ ಉಳಿದವು ನಾಲ್ಕು. ಹೋದ ನಾಲ್ಕನ್ನು ಯಾರೂ ಯಾವತ್ತೂ ಎಣಿಸಿರಲಿಲ್ಲ, ಅವಳ ಗಂಡನೂ ಕೂಡ. ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ಕಟ್ಟೆ ದಾಟಿತ್ತು. ಕಡಲೆ ಹಾಗೇ ಬಿದ್ದಿತ್ತು. ಕಳಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಕೂಗಿದಳು.

"ಬನಶ್ರೀ, ಈ ಬಾಯಾರ ಜೊತಿ ಕುಂದರ. ಖರೇ ಹೇಳು. ನಾ ಇಲ್ಲೇ ಬಾಗಲದಾಗ ಇರ್ತೀನಿ, ಯಾರನ್ನೂ ಒಳಗ ಬಿಡೂದಿಲ್ಲ."

ಬನಶ್ರೀಗೆ ಇಪ್ಪತ್ತೆಂಟು. ಇಬ್ಬರು ಮಕ್ಕಳು, ಇಬ್ಬರೂ ಶಾಲೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತು, ಮೊದಮೊದಲು ಹೂಂ, ಉಹೂಂ ಎಂದಷ್ಟೇ ಹೇಳಿದಳು. ಅರ್ಧ ತಾಸಿನ ಮೇಲೆ ಮಾತು ಸಡಿಲವಾಯಿತು. ಆಮೇಲೆ ಆ ಪ್ರಶ್ನೆ ಬಂತು.

"ಗರ್ಭಚೀಲ ತೆಗೆಸುವ ಆಪರೇಶನ್ ಏನರ ಆಗೈತೇನು?"

"ಇನ್ನೂ ಆಗಿಲ್ರಿ. ಬರೂ ಬುಧವಾರ ಐತಿ."

ಪುಷ್ಪಾವತಿಯ ಬೆರಳು ಪರದೆಯ ಮೇಲೆ ನಿಂತಿತು.

"ಬಿಳೀದು ಹೋಗತೈತ್ರಿ. ಕಿಬ್ಬೊಟ್ಟಿ ನೋವು. ಒಬ್ಬರು ಡಾಕ್ಟರಿಗೆ ತೋರಿಸಿದ್ವಿ. ಚೀಲ ಕೆಟ್ಟೈತಿ, ಬಿಟ್ರ ಕ್ಯಾನ್ಸರ್ ಆಕ್ಕೈತಿ, ತೆಗದಬಿಡೂನು ಅಂದ್ರು. ಮಕ್ಕಳು ಸಾಕಲ್ಲ, ಇನ್ನೇನ ಬೇಕು ಅಂದ್ರು."

ಹದಿನೈದು ವರ್ಷದ ಹಿಂದೆ, ಇನ್ನೊಂದು ಊರಿನ ಖಾಸಗಿ ದವಾಖಾನೆಯಲ್ಲಿ, ಇದೇ ನೋವಿಗೆ ಪುಷ್ಪಾವತಿಗೂ ಇದೇ ಮಾತು ಹೇಳಿದ್ದರು. ಅವಳು ಇಪ್ಪತ್ತೇಳರಲ್ಲಿ ತೆಗೆಸಿಕೊಂಡಳು. ಮೂವತ್ತಕ್ಕೇ ಮೈಯೆಲ್ಲ ಒಮ್ಮೆಲೇ ಕಾದು ಬೆವರುವುದು, ನಿದ್ದೆ ಹತ್ತದಿರುವುದು, ಬೆನ್ನು ಬಿಗಿಯುವುದು ಶುರುವಾಯಿತು. ತೆಗೆಯುವ ಅಗತ್ಯವಿತ್ತೇ ಎಂದು ಅವಳಿಗೆ ಇಂದಿಗೂ ಗೊತ್ತಿಲ್ಲ, ಏಕೆಂದರೆ ಬೇರೆ ಯಾರಿಗೂ ತೋರಿಸಿರಲೇ ಇಲ್ಲ.

ಇದೆಲ್ಲ ನಾಲಿಗೆಯ ತುದಿಗೆ ಬಂತು. ಆದರೆ ತರಬೇತಿಯಲ್ಲಿ ದಿನಕ್ಕೆ ಹತ್ತು ಸಲ ಹೇಳಿದ್ದರು: ಕೇಳುವುದಷ್ಟೇ ನಿಮ್ಮ ಕೆಲಸ, ಹೇಳುವುದಲ್ಲ. ನೀವು ಹೇಳಿಕೊಟ್ಟ ಕ್ಷಣಕ್ಕೆ ಉತ್ತರ ಬದಲಾಗುತ್ತದೆ. ಅದು ಸರಿಯಾದ ಮಾತೆಂದು ಅವಳೂ ಒಪ್ಪಿದ್ದಳು. 'ಇಲ್ಲ' ಎಂಬುದನ್ನು ಒತ್ತಿದಳು. ಮುಂದಿನ ಪ್ರಶ್ನೆ ಓದಿದಳು. ದನಿ ಅಲುಗದಂತೆ ಕೊನೆಯ ಪ್ರಶ್ನೆಯವರೆಗೂ ಓದಿ, ಕೈಮುಗಿದು ಹೊರಗೆ ಬಂದಳು.

ಸಂಜೆ ಕನಕರಾಜನಿಗೆ ಟ್ಯಾಬ್ ಒಪ್ಪಿಸುವಾಗ ಕೇಳಿದಳು. "ಸರ್, ಯಾರು, ಯಾವ ಮನಿ ಅಂತ ನಾ ಹೇಳೂದಿಲ್ಲ. ಸಂದರ್ಶನ ಮುಗದ ಮ್ಯಾಲೆ ಒಬ್ಬರಿಗೆ ಒಂದ್ ಮಾತು ಹೇಳಬಹುದೇನ್ರಿ?"

"ಸಲಹಾ ಕೊಡೂದು ನಮ್ಮ ಕೆಲಸಲ್ರಿ. ನಾಳೆ ತಕರಾರು ಬಂದ್ರ ನಿಮ್ಮ ಕೆಲಸ ಹೋಗತೈತಿ."

"ನಾಳೆ ರವಿವಾರ್ರಿ. ನಾಳೆ ನಾ ಸರ್ವೇದಾಕಿ ಅಲ್ಲ."

ಕನಕರಾಜ ಕೈ ಚಾಚಿದ. "ಐಡಿ ಕಾರ್ಡು ಇಲ್ಲೇ ಇಟ್ಟು ಹೋಗ್ರಿ ಹಂಗಾರ," ಎಂದ.

ಮನೆಯಲ್ಲಿ ಗಂಡ ಗವಿಸಿದ್ದಪ್ಪ ಮಗ್ಗದಲ್ಲಿದ್ದ. ಹೆಸರು ಹೇಳದೆ ಅವನಿಗೂ ಅಷ್ಟೇ ಹೇಳಿದಳು: ನನ್ನಂತೆಯೇ ಇನ್ನೊಬ್ಬಳಿದ್ದಾಳೆ, ಕೆಲಸ ಹೋದರೂ ಹೋಗಬಹುದು. ಅವನು ಲಾಳಿಯನ್ನು ಪಕ್ಕಕ್ಕಿಟ್ಟ.

"ಅವತ್ತ ನಿನ್ನ ಆಪರೇಶನ್ ಕಾಗದಕ್ಕ ಸಹಿ ಮಾಡಾಕ ನಾ ಎರಡ್ ನಿಮಿಷಾನೂ ತಗೊಳ್ಳಲಿಲ್ಲ," ಎಂದ. "ನೀ ಹೋಗು."

ರವಿವಾರ ಮೊದಲ ಬಸ್ಸಿಗೆ ಅವಳು ಸೂಡಿಗೆ ಹೋದಳು. ಚೀಲವಿಲ್ಲ, ಟ್ಯಾಬಿಲ್ಲ. ಕಳಕವ್ವ ಚಹಾ ಕೊಟ್ಟಳು. ಬನಶ್ರೀಯ ಗಂಡ ಭೀಮೇಶನೂ ಮನೆಯಲ್ಲಿದ್ದ. ಬನಶ್ರೀ ತನಗೆ ಹೇಳಿದ್ದರ ಬಗ್ಗೆ ಪುಷ್ಪಾವತಿ ತುಟಿ ಬಿಚ್ಚಲಿಲ್ಲ. ತನ್ನ ಕತೆಯನ್ನೇ ಹೇಳಿದಳು. ಏನು ನೋವಿತ್ತು, ಡಾಕ್ಟರು ಏನೆಂದರು, ಆಮೇಲೆ ಏನಾಯಿತು.

ಕಳಕವ್ವ ಬಟ್ಟಲು ಕೆಳಗಿಟ್ಟಳು. "ನಮ್ಮ ಸೊಸಿದೂ ಬುಧವಾರ ಐತೆವಾ. ಅಕಿಗೂ ಹಿಂಗ ಹೇಳ್ಯಾರ."

ಭೀಮೇಶ ಗಡುಸಾದ. "ಡಾಕ್ಟರು ಕ್ಯಾನ್ಸರ್ ಅಂದಾರ. ನೀವೇನ್ ಡಾಕ್ಟರೇನ್ರಿ?"

"ಅಲ್ರಿ. ನಾ ತೆಗಿಸಿಕೊಂಡಾಕಿ." ಅವಳು ಅವನನ್ನು ನೇರವಾಗಿ ನೋಡಿದಳು. "ತೆಗಿಸಬ್ಯಾಡ್ರಿ ಅಂತ ಹೇಳಾಕ ನಂಗ ಬರೂದಿಲ್ಲ. ಒಂದ್ ಸಲ ಇನ್ನೊಬ್ಬರಿಗೆ ತೋರಿಸ್ರಿ. ಗಜೇಂದ್ರಗಡದ ಸರಕಾರಿ ದವಾಖಾನಿಗೆ ನಾಳೆ ಹೆಣ್ಣ ಡಾಕ್ಟರು ಬರ್ತಾರ. ಅವರೂ ತೆಗೀಬೇಕು ಅಂದ್ರ ಬುಧವಾರ ಎಲ್ಲೂ ಹೋಗಂಗಿಲ್ಲ."

ಬಾಗಿಲ ಮರೆಯಲ್ಲಿದ್ದ ಬನಶ್ರೀ ಮುಂದೆ ಬಂದಳು. ಗಂಡನ ಎದುರು, ಹೊರಗಿನವರ ಮುಂದೆ ಅವಳು ಮಾತಾಡಿದ್ದನ್ನು ಕಳಕವ್ವ ಅದೇ ಮೊದಲ ಸಲ ಕೇಳಿದ್ದು.

"ನಾ ತೋರಿಸ್ಕೊತೀನಿ. ಮೈ ನಂದದು."

ಸೋಮವಾರ ಬೆಳಿಗ್ಗೆ ಭೀಮೇಶ ಅವಳನ್ನು ಬೈಕಿನಲ್ಲಿ ಕರೆತಂದ. ಕೆಲಸಕ್ಕೆ ಹೋಗುವ ಮೊದಲು ಪುಷ್ಪಾವತಿ ಅವರನ್ನು ಚೀಟಿಯ ಸಾಲಿನಲ್ಲಿ ನಿಲ್ಲಿಸಿ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಇದು ಸೋಂಕು, ಗುಳಿಗೆಗೆ ಹೋಗುತ್ತದೆ, ಗಂಡ ಹೆಂಡತಿ ಇಬ್ಬರೂ ನುಂಗಬೇಕು ಎಂದರು. ಕ್ಯಾನ್ಸರಿನ ಹೆದರಿಕೆ ಇದ್ದದ್ದರಿಂದ ಅದರ ತಪಾಸಣೆಗೂ ಕಳಿಸಿದರು. ನನಗೆ ಏನೂ ಆಗಿಲ್ಲ, ನಾನೇಕೆ ನುಂಗಲಿ ಎಂದು ಭೀಮೇಶ ಮನೆಯಲ್ಲಿ ತಕರಾರು ತೆಗೆದ. ಕಳಕವ್ವ ನೀರಿನ ತಂಬಿಗೆ ತಂದು ಅವನ ಮುಂದೆ ಇಟ್ಟಳು, ಅವನು ನುಂಗುವವರೆಗೂ ಅಲ್ಲಿಂದ ಕದಲಲಿಲ್ಲ. ಹದಿನೈದು ದಿನದ ಮೇಲೆ ತಪಾಸಣೆಯ ಕಾಗದ ಬಂತು. ಅದರಲ್ಲಿ ಕ್ಯಾನ್ಸರಿನ ಸುಳಿವೇನೂ ಇರಲಿಲ್ಲ. ಅಷ್ಟರಲ್ಲಿ ಬನಶ್ರೀಯ ನೋವೂ ಹೋಗಿತ್ತು. ಬುಧವಾರದ ಆಪರೇಶನ್ ಅನ್ನು ಅವರು ಬಿಟ್ಟೇಬಿಟ್ಟಿದ್ದರು.

ಯಾರಿಂದಲೂ ತಕರಾರು ಬರಲಿಲ್ಲ. ಪುಷ್ಪಾವತಿಯ ಗುಂಪಿಗೆ ಆಮೇಲೆ ರಾಜೂರಿನ ಮನೆಗಳು ಬಂದವು. ಅಲ್ಲಿಯೂ ಅತ್ತೆಯರಿದ್ದರು, ಎರಡೆರಡು ಸಲ ಹೋಗಬೇಕಾದ ಬಾಗಿಲುಗಳಿದ್ದವು. ಅವಳು ಹೋದಳು.

ಒಂದು ಮುಂಜಾನೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಅವಳು ರಾಜೂರಿನ ಬಸ್ಸಿಗೆ ಕಾಯುತ್ತಿದ್ದಾಗ ಸೂಡಿಯ ಬಸ್ಸು ಬಂದು ನಿಂತಿತು. ಬನಶ್ರೀ ಇಳಿದಳು. ಹಿಂದೆ, ತಲೆ ತುಂಬ ಸೆರಗು ಹೊದ್ದ ಇನ್ನೊಬ್ಬ ಹೆಂಗಸು.

"ಅಕ್ಕಾರ, ಇಕಿ ನಮ್ಮ ಓಣ್ಯಾನ ಪರಶುನ ಹೆಂಡ್ತಿ. ಇಕಿಗೂ ತೆಗಸ್ರಿ ಅಂದಾರಂತ. ನಮ್ಮತ್ತಿ ಕಳಿಸ್ಯಾರ. ನೀವು ಬರ್ತೀರೇನ್ರಿ ದವಾಖಾನಿಗೆ?"

ರಾಜೂರಿನ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಪುಷ್ಪಾವತಿ ಚೀಲ ಹೆಗಲಿಗೆ ಏರಿಸಿಕೊಂಡಳು.

"ನಂಗ ಇವತ್ತ ಐದ ಮನಿ ಅದಾವ. ದಾರಿ ನಿನಗ ಗೊತ್ತೈತಿ, ಚೀಟಿ ಎಲ್ಲಿ ಮಾಡಸೂದು ಗೊತ್ತೈತಿ. ನೀನೇ ಕರಕೊಂಡ ಹೋಗು."

ಬನಶ್ರೀ ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ಆ ಹೆಂಗಸಿನ ಕೈ ಹಿಡಿದು, "ಬಾ, ಲಗೂ ಹೋಗೂನು, ಪಾಳಿ ಭಾಳ ಇರ್ತೈತಿ," ಎನ್ನುತ್ತ ರಸ್ತೆ ದಾಟಿದಳು.