ಅಕ್ಕ ಕೇಳಿದ ಒಂದು ಕೌದಿ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ದಪ್ಪ ಕೌದಿಯೊಳಗಿಂದ ಸೂಜಿಯನ್ನು ಉಗುರಿನಿಂದಲೇ ನೂಕಿ ನೂಕಿ ಹಾಗಾಗಿತ್ತು. ಆ ಸೀಳಿನಲ್ಲಿ ಯಾವಾಗಲೂ ಒಂದೆಳೆ ದಾರ ಸಿಕ್ಕಿಕೊಂಡಿರುತ್ತಿತ್ತು, ರೊಟ್ಟಿ ಬಡಿಯುವಾಗಲೂ. ಚಾಳಿನ ಅರ್ಧ ಮನೆಗಳಿಗೆ ಕೌದಿ ಹೊಲಿದುಕೊಟ್ಟ ಅಕ್ಕ ತನಗೆಂದು ಜೀವಮಾನದಲ್ಲಿ ಒಂದೇ ಒಂದು ಕೌದಿ ಕೇಳಿದಳು. ನನ್ನನ್ನು ಕೇಳಿದಳು. ನಾನು ಅದನ್ನು ಮುಗಿಸಲಿಲ್ಲ. ಮುಗಿಸಿದ್ದೇನೆ ಎಂದು ಸುಳ್ಳು ಹೇಳಿದೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು. ಅಷ್ಟನ್ನಾದರೂ ಓದಿಸಿದ್ದು ಅಕ್ಕ. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹನ್ನೆರಡು. ಅಪ್ಪ ಮುಂಬೈ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ವಡಾಲದ ಚಾಳಿನಲ್ಲಿ ನಮ್ಮದು ಒಂದೇ ಕೋಣೆ. ಅಕ್ಕ ತನ್ನ ಶಾಲೆ ಬಿಟ್ಟು ಒಲೆ ಹಿಡಿದಳು, ನನ್ನ ಜಡೆ ಹಿಡಿದಳು. ನಳದ ಸಾಲಿನಲ್ಲಿ ಕೊಡ ಇಟ್ಟು ಅಲ್ಲೇ ಕುಳಿತು ಯಾರದೋ ಕೌದಿಗೆ ನಾಲ್ಕು ಸಾಲು ಹೊಲಿಯುತ್ತಿದ್ದಳು. ಸೂಜಿಯನ್ನು ಕುಪ್ಪಸದ ಹೆಗಲಿಗೆ ಚುಚ್ಚಿಕೊಂಡೇ ನಡೆದಾಡುವುದು ಅವಳ ರೂಢಿ. ಅವಳನ್ನು ಅಪ್ಪಿಕೊಳ್ಳಲು ಓಡಿಹೋಗಿ ನಾನು ಎಷ್ಟೋ ಸಲ ಚುಚ್ಚಿಸಿಕೊಂಡಿದ್ದೇನೆ.

"ಹಿಂದ ಮುಂದ ನೋಡಿ ಅಪ್ಪಿಕೋಬೇಕವಾ," ಎಂದು ನಗುತ್ತಿದ್ದಳು. "ನನ್ನ ಮೈಯಾಗ ಮುಳ್ಳು ಐತಿ."

ಪಕ್ಕದ ಕೋಣೆಯಲ್ಲಿ ಮಂಗಳೂರಿನ ಕಡೆಯ ಹೆಂಗಸೊಬ್ಬಳಿದ್ದಳು, ಅವಳನ್ನು ಎಲ್ಲರೂ ಬಾಯಿ ಅನ್ನುತ್ತಿದ್ದರು. ಗಂಡ ಮಾಟುಂಗದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅವಳು ಅಕ್ಕನ ಹೊಲಿಗೆ ನೋಡಿ, "ಇದೆಂಥದ್ದು ಮಾರಾಯ್ತಿ, ಕೈಯಾ ಮಿಷಿನಾ?" ಅನ್ನುವಳು. ಅಕ್ಕ ತಲೆ ಎತ್ತದೆ, "ಮಿಷಿನ್ನಿಗೆ ಎಣ್ಣಿ ಬೇಕಾಗತೈತಿ ಬಾಯಿ, ನನಗ ಚಾ ಆದರ ಸಾಕು," ಎಂದರೆ ಒಂದು ಲೋಟ ಚಾ ಬಂದೇ ಬರುತ್ತಿತ್ತು.

ಹತ್ತೊಂಬತ್ತಕ್ಕೆ ಅಕ್ಕನ ಮದುವೆಯಾಯಿತು. ಅಕ್ಕನ ಗಂಡನನ್ನು ನಾವು ಮಾಮಾ ಅನ್ನುತ್ತಿದ್ದೆವು. ಮಾಮಾ ಜೋಗೇಶ್ವರಿಯಲ್ಲಿ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ನಡೆಸುತ್ತಿದ್ದ. ಅಕ್ಕ ಎರಡು ಸಲ ಬಸಿರಾದಳು. ಎರಡು ಸಲವೂ ಏಳನೆಯ ತಿಂಗಳಿಗೆ ಕೂಸು ಹೋಯಿತು. ಮೂರನೆಯ ಸಲ ಬಸಿರಾದಾಗ ಅವಳಿಗೆ ಇಪ್ಪತ್ತನಾಲ್ಕು, ನನಗೆ ಹದಿನೇಳು. ನಮ್ಮ ಊರಿನ ಜಿಲ್ಲೆ ಆಗಿನ್ನೂ ಮುಂಬೈ ರಾಜ್ಯದಲ್ಲೇ ಇತ್ತು.

ನಮ್ಮಲ್ಲಿ ಬಾಣಂತಿಗೆ ತವರಿನ ಕೌದಿ ಬರಬೇಕು. ತಾಯಿಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ತುಂಡುಗಳನ್ನು ಕೂಡಿಸಿ, ತವರಿನ ಹೆಣ್ಣುಮಗಳೇ ಹೊಲಿಯಬೇಕು. ಕೊನೆಗೆ ಒಂದು ಮೂಲೆ ಬಿಟ್ಟು, ಅದರೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬುವುದು ಅನ್ನುತ್ತಾರೆ. ಹೊಲಿದವಳೇ ಅದನ್ನು ಹೊತ್ತು ತಂದು ಕೊಡಬೇಕು. ಊರಿಗೆಲ್ಲ ಹೊಲಿದರೂ ತನ್ನ ತವರಿನ ಕೌದಿಯನ್ನು ತಾನೇ ಹೊಲಿದುಕೊಳ್ಳುವ ಹಾಗಿಲ್ಲ. ಅವ್ವ ಇಲ್ಲದ ಅಕ್ಕನಿಗೆ ಮೊದಲೆರಡು ಸಲ ಯಾರೂ ಹೊಲಿದುಕೊಟ್ಟಿರಲಿಲ್ಲ. ಕೂಸುಗಳು ಉಳಿಯದಿದ್ದುದಕ್ಕೆ ಅದೇ ಕಾರಣವೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಐದನೆಯ ತಿಂಗಳಲ್ಲಿ ವಡಾಲಕ್ಕೆ ಬಂದು, ಅಪ್ಪನ ಟ್ರಂಕಿನಿಂದ ಅವ್ವನ ಐದು ಸೀರೆಗಳನ್ನು ತಾನೇ ತೆಗೆದು ನನ್ನ ಮುಂದಿಟ್ಟಳು.

"ನೀ ಹೊಲಿತೀ ಏನ? ಚಂದ ಆಗದಿದ್ದರೂ ನಡೀತೈತಿ. ನಿನ್ನ ಕೈಲೇ ಬರಬೇಕಷ್ಟ."

ಅಕ್ಕ ಯಾರ ಮುಂದೆಯೂ ಕೈ ಚಾಚಿದವಳಲ್ಲ. ನನ್ನನ್ನು ಕೇಳುವಾಗ ಅವಳ ದನಿ ಸಣ್ಣದಾಗಿತ್ತು. ನನಗೆ ಎಷ್ಟು ಹಿಗ್ಗಾಯಿತೆಂದರೆ ಅವತ್ತೇ ಸೂಜಿ ಪೋಣಿಸಿದೆ.

ಮೊದಲ ಹದಿನೈದು ದಿನ ಆ ಕೌದಿಯಷ್ಟು ಪ್ರೀತಿಯ ವಸ್ತು ನನಗೆ ಲೋಕದಲ್ಲಿ ಇರಲಿಲ್ಲ. ಅಪ್ಪ ಕೆಲಸಕ್ಕೆ ಹೋದ ಕೂಡಲೇ ಹಾಸಿಕೊಂಡು ಕೂರುತ್ತಿದ್ದೆ. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರಬೇಕು. ಸೀರೆಗಳಲ್ಲಿ ಅವ್ವನ ವಾಸನೆ ಇತ್ತು, ಅಥವಾ ಟ್ರಂಕಿನ ವಾಸನೆಯನ್ನೇ ನಾನು ಅವ್ವನದು ಎಂದುಕೊಂಡಿದ್ದೆ. ಅಕ್ಕ ಎಂಟು ದಿನಕ್ಕೊಮ್ಮೆ ಎರಡು ಲೋಕಲ್ ಬದಲಿಸಿ ಬಂದು ನೋಡುವಳು. ಕಣ್ಣು ಮುಚ್ಚಿ ಸಾಲಿನ ಮೇಲೆ ಬೆರಳಾಡಿಸಿ, "ಇಲ್ಲಿ ನಿನಗ ನಿದ್ದಿ ಬಂದಿತ್ತು," ಎಂದು ಸರಿಯಾಗಿ ದೊಡ್ಡ ಹೊಲಿಗೆಯ ಹತ್ತಿರವೇ ನಿಲ್ಲಿಸುವಳು.

ಆಮೇಲೆ ಹಸಿರು ಇಳಕಲ್ ಸೀರೆಗೆ ಕತ್ತರಿ ಹಾಕುವ ದಿನ ಬಂತು.

ಅವ್ವನ ಮುಖ ನನಗೆ ನೆನಪಿಲ್ಲ. ನೆನಪಿರುವುದು ಆ ಹಸಿರು ಸೀರೆಯ ಮಡಿಲು ಒಂದೇ. ಜ್ವರ ಬಂದಾಗ ಅದರ ಮೇಲೆ ಕೆನ್ನೆ ಇಟ್ಟು ಮಲಗಿದ್ದೆ. ಮಡಚಿಟ್ಟ ಸೀರೆಯಲ್ಲಿ ಆ ಮಡಿಲು ಇತ್ತು. ಕತ್ತರಿಸಿ ಗೇಣುದ್ದದ ಚೌಕಗಳನ್ನು ಮಾಡಿದ ಮೇಲೆ ಇರಲಿಲ್ಲ, ಅರಿವೆಯ ತುಂಡುಗಳಿದ್ದವು. ಅವುಗಳನ್ನು ಹೊಲಿಯುತ್ತ ಹೊಲಿಯುತ್ತ ನನ್ನಲ್ಲಿ ಒಂದು ಕೆಟ್ಟ ಲೆಕ್ಕ ಹುಟ್ಟಿತು. ಅಕ್ಕನಿಗೆ ಅವ್ವ ಹನ್ನೆರಡು ವರ್ಷ ಸಿಕ್ಕಳು, ನನಗೆ ಐದೇ ವರ್ಷ. ಉಳಿದಿದ್ದ ಸೀರೆಗಳೂ ಅವಳಿಗೇ ಬೇಕೇ? ಹಾಸಿಕೊಳ್ಳಲು ಬೇಕೇ?

ಈ ಮಾತನ್ನು ಅಕ್ಕನಿಗೆ ಹೇಳಿದ್ದರೆ ಅವಳು ಸೀರೆಯನ್ನು ನನಗೇ ಬಿಟ್ಟುಕೊಡುತ್ತಿದ್ದಳು. ಅದು ಗೊತ್ತಿದ್ದೇ ನಾನು ಹೇಳಲಿಲ್ಲ. ಕೌದಿಯ ಮೇಲೆ ಸಿಟ್ಟು ಬೆಳೆಸಿದೆ. ಅದರ ಭಾರ ತೊಡೆಯ ಮೇಲೆ ಕೂತರೆ ಸೆಕೆ, ಮಳೆಗಾಲ ಬಂದ ಮೇಲೆ ಮುಗ್ಗುವಾಸನೆ. ಒಂದು ಸುತ್ತು ಹಾಕಿ ಎದ್ದುಬಿಡುತ್ತಿದ್ದೆ. ಆಮೇಲೆ ಅರ್ಧ ಸುತ್ತು. ಕೊನೆಗೆ ಮಡಚಿ ಗೋಡೆಯ ಕಡೆ ತಳ್ಳಿದೆ. ಮೂರು ವಾರ ಮುಟ್ಟಲಿಲ್ಲ.

ಅಷ್ಟರಲ್ಲಿ ಡಾಕ್ಟರು ಅಕ್ಕನಿಗೆ ಗಾಡಿ ಹತ್ತಬಾರದು ಎಂದಿದ್ದರು. ರವಿವಾರ ಮಾಮಾ ಒಬ್ಬನೇ ಬಂದ.

"ಎಲ್ಲಿಗೆ ಬಂತವಾ ನಿಮ್ಮ ಕೌದಿ? ನಿಮ್ಮಕ್ಕ ದಿನಾ ನನ್ನ ತಲಿ ತಿನ್ನಾಕತ್ಯಾಳ."

"ಮುಗದೈತಿ ಮಾಮಾ. ಹೊಟ್ಟಿ ತುಂಬೂದೊಂದ ಉಳದೈತಿ," ಅಂದೆ. "ಶ್ರಾವಣ ಸೋಮವಾರ ನಾನ ತರತೀನಿ. ಮುಂಜಾನೆ ಬರತೀನಂತ ಹೇಳು."

ನಡುವಿನ ಅರ್ಧ ಭಾಗ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಸೋಮವಾರಕ್ಕೆ ಎಂಟು ದಿನಗಳಿದ್ದವು. ದಿನಾ ನಾಳೆ ಕೂರುತ್ತೇನೆ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಅಪ್ಪ ಹೊರಟ ಮೇಲೆ ಬಾಗಿಲು ಹಾಕಿ ಕೌದಿಯನ್ನು ಹಾಸಿದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಒಂದು ದಿನದಲ್ಲಿ ಆಗುವ ಕೆಲಸವೇ ಅಲ್ಲ ಅದು. ಆದರೂ ಕೂತೆ. ಬೆರಳುದ್ದದ ಹೊಲಿಗೆ ಹಾಕಿದೆ, ಸೂಜಿ ಮುರಿಯಿತು, ಇನ್ನೊಂದು ತೆಗೆದೆ. ಬೆರಳಿನಿಂದ ರಕ್ತ ಬಂದು ಹಸಿರು ತುಂಡಿಗೆ ಹತ್ತಿತು. ಮಂಗಳೂರು ಬಾಯಿ ಬಾಗಿಲು ಬಡಿದು, "ಎಂಥ ಮಾಡ್ತಿದ್ದಿ? ಅಕ್ಕನ ಮನೆಗೆ ಹೋಗ್ಲಿಕ್ಕುಂಟು ಅಂದಿದ್ದಿ?" ಎಂದಳು. ತೆರೆದಿದ್ದರೆ ಅವಳೂ ಒಂದು ಸೂಜಿ ಹಿಡಿದು ಕೂರುತ್ತಿದ್ದಳು. ನಾಚಿಕೆಯಿಂದ, "ಹೊಂಟೀನಿ ಬಾಯಿ," ಎಂದು ಒಳಗಿನಿಂದಲೇ ಕೂಗಿದೆ. ಮತ್ತೆ ಚುಚ್ಚಿದೆ, ಎಳೆದೆ. ದೇವರೇ, ಇವತ್ತೊಂದು ದಿನ ದೊಡ್ಡದು ಮಾಡು ಎಂದು ಬೇಡಿಕೊಂಡೆ.

ಮಧ್ಯಾಹ್ನ ಎರಡರ ಹೊತ್ತಿಗೆ ಮಾಮಾನ ದನಿ ಕೇಳಿಸಿತು. ಕೌದಿಯನ್ನು ಸುತ್ತಿ ಚಾದರದಲ್ಲಿ ಗಂಟು ಕಟ್ಟಿ ಬಾಗಿಲು ತೆಗೆದೆ. ಮಾಮಾನ ಮೈಯಿಂದ ನೀರು ಸುರಿಯುತ್ತಿತ್ತು.

"ಮುಂಜಾನೆಯಿಂದ ಬ್ಯಾನಿ ತಿನ್ನಾಕತ್ಯಾಳ. ದವಾಖಾನಿಗೆ ನಡಿ ಅಂದರ ಹೊಸ್ತಿಲಾ ಬಿಟ್ಟು ಏಳವಲ್ಲಳು. ತಂಗಿ ಬರತಾಳ, ಕೌದಿ ತರತಾಳ, ಎರಡು ಸಲ ಬರಿಗೈಲೆ ಹೋಗಿ ಬರಿಗೈಲೆ ಬಂದೀನಿ, ಈ ಸಲ ಹೋಗೂದಿಲ್ಲ ಅಂತಾಳ. ನೀ ಯಾಕ ಬರಲಿಲ್ಲ?"

"ಮಳಿ ಮಾಮಾ. ಗಾಡಿ ನಿಂತಾವಂತ ಅಂದರು."

ಗಾಡಿಗಳು ತಡವಾಗಿ ಓಡುತ್ತಿದ್ದವು. ಅವನು ನಂಬಿದ. ಬಾಂದ್ರಾದಲ್ಲಿ ಬದಲಿಸಲು ನಿಂತಾಗ ಗಂಟನ್ನು ಎದೆಗೆ ಅವುಚಿಕೊಂಡಿದ್ದೆ. ಒಳಗೆ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ಹಳಿಯ ಮೇಲೆ ನೀರು ನಿಂತು ನಮ್ಮ ಗಾಡಿ ನಡುದಾರಿಯಲ್ಲಿ ಅರ್ಧ ತಾಸು ಕದಲಲಿಲ್ಲ. ಮಾಮಾ ಬಾಗಿಲಿನ ಕಂಬವನ್ನು ಮುಷ್ಟಿಯಿಂದ ಗುದ್ದುತ್ತಿದ್ದ. ಇಳಿದು ಓಡಿಬಿಡೋಣ ಎಂದು ನಾನು ಅಳುತ್ತಿದ್ದೆ.

ನಾವು ಜೋಗೇಶ್ವರಿ ಮುಟ್ಟುವ ಹೊತ್ತಿಗೆ ಅಲ್ಲಿನ ಚಾಳಿನವರು ಅಕ್ಕನನ್ನು ಎತ್ತಿಕೊಂಡೇ ದವಾಖಾನೆಗೆ ಸೇರಿಸಿದ್ದರು. ಹೆಣ್ಣು ಕೂಸು. ಅತ್ತಿರಲಿಲ್ಲ. ಎರಡು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ನರ್ಸ್ ಮರಾಠಿಯಲ್ಲಿ ಯಾರಿಗೋ ಹೇಳುತ್ತಿದ್ದಳು. ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಅಕ್ಕ ಕಣ್ಣು ತೆರೆದು ಗಂಟನ್ನು ನೋಡಿದಳು. ಬಿಚ್ಚು ಎಂದಿದ್ದರೆ ಎಲ್ಲ ಹೊರಬೀಳುತ್ತಿತ್ತು. ಆದರೆ ಕೂಸು ಉಳಿಯದಿದ್ದರೆ ತವರಿನ ಕೌದಿಯ ಗಂಟು ಬಿಚ್ಚಬಾರದು ಎನ್ನುವುದು ನಮ್ಮಲ್ಲಿಯ ರೂಢಿ.

"ಕಟ್ಟಿದ್ದ ಹಂಗ ಒಯ್ಯವಾ," ಅಂದಳು. ಆಮೇಲೆ ಮಾಮಾನ ಕಡೆ ತಿರುಗಿ, "ಅಕೀಗೆ ಏನೂ ಅನಬ್ಯಾಡ್ರಿ. ಇಂಥಾ ಮಳ್ಯಾಗ ಹುಡುಗಿ ಏನ ಮಾಡಬೇಕು? ಪಾಪ, ಹೊಲದು ಹೊಲದು ಬೆರಳು ನೋಡ್ರಿ ಹೆಂಗ ಮಾಡಿಕೊಂಡಾಳ," ಎಂದಳು.

ಅವಳು ನನ್ನನ್ನು ಬೈದಿದ್ದರೆ ನಾನು ಅವತ್ತೇ ಬದುಕಿಕೊಳ್ಳುತ್ತಿದ್ದೆ.

ಮನೆಗೆ ಬಂದು ಎಷ್ಟೋ ದಿನದ ಮೇಲೆ ಗಂಟು ಬಿಚ್ಚಿದೆ. ಹೊಲಿಗೆಯನ್ನೆಲ್ಲ ಬಿಚ್ಚಿ, ಕತ್ತರಿಸದೆ ಹಾಸಿದ್ದ ಅವ್ವನ ಸೀರೆಗಳನ್ನಾದರೂ ಹಿಂದಕ್ಕೆ ಪಡೆಯೋಣವೆಂದು ಕೂತೆ. ಹಳೆಯ ಅರಿವೆ, ದಾರದ ಜೊತೆಗೇ ಹರಿದು ಬಂತು. ಕೌದಿಯೂ ಇಲ್ಲ, ಸೀರೆಯೂ ಇಲ್ಲ.

ಅಕ್ಕ ಮತ್ತೆ ಬಸಿರಾಗಲಿಲ್ಲ. ನನ್ನ ಮದುವೆಗೆ ಅವಳೇ ತಾಯಿಯಾಗಿ ನಿಂತಳು. ಆಮೇಲೆ ಬಹಳ ವರ್ಷವೂ ಬಾಳಲಿಲ್ಲ. ಅವಳು ಹೋದದ್ದನ್ನು ಬರೆಯಲು ನನಗೆ ಶಕ್ತಿಯಿಲ್ಲ. ಅದಕ್ಕೂ ಮೊದಲಿನ ಒಂದು ಮಧ್ಯಾಹ್ನವನ್ನು ಬರೆದು ನಿಲ್ಲಿಸುತ್ತೇನೆ.

ನಾನು ಬಸಿರಾಗಿ ಐದು ತಿಂಗಳಾಗಿತ್ತು. ಅಕ್ಕ ಜೋಗೇಶ್ವರಿಯಿಂದ ಒಂದು ಚೀಲ ಹಿಡಿದು ಬಂದಳು. ಉಸ್ಸೆಂದು ಕೂತು, ಚೀಲದಿಂದ ತನ್ನ ಸೀರೆಗಳನ್ನು ತೆಗೆದು ನೆಲದ ಮೇಲೆ ಹಾಸತೊಡಗಿದಳು. ಅವಳಿಗಿದ್ದ ಒಳ್ಳೆಯ ಸೀರೆಗಳೇ ಅಷ್ಟು. ಎಲ್ಲದರ ಮೇಲೆ ಮದುವೆಯ ಸೀರೆ.

"ಅವ್ವ ಇಲ್ಲಂದರ ಅಕ್ಕನ ಸೀರಿ ನಡೀತಾವಂತ, ಕೇಳಿಕೊಂಡು ಬಂದೀನಿ," ಅಂದಳು. "ಇದನ್ನ ನಡುವ ಹಾಕೂಣು. ನಿನ್ನ ಗಂಡ ಒಂಟಿಯಂಗ ಉದ್ದ ಅದಾನ, ಕೂಸೂ ಹಂಗ ಆದರ ಕಾಲು ಹೊರಗ ಬರತಾವ. ಒಂದ ಗೇಣು ಉದ್ದಾನ ಹೊಲೀತೀನಿ. ಕತ್ತರಿ ಎಲ್ಲೈತಿ?"

ನಾನು ಕತ್ತರಿ ಕೊಡಲಿಲ್ಲ. ಎದ್ದು ಬಾಗಿಲಿಗೆ ಹೋದೆ, ಮತ್ತೆ ಬಂದು ಅವಳ ಮುಂದೆ ಕೂತೆ. "ಯಾಕ? ಹೊಟ್ಟಿ ನೋಯಾಕತ್ತೈತೇನ?" ಎಂದು ಅಕ್ಕ ಗಾಬರಿಯಿಂದ ನನ್ನ ಕೈ ಹಿಡಿದಳು. ಆಗ ಬಾಯಿಬಿಟ್ಟು ಹೇಳಿದೆ.

"ಅಕ್ಕಾ, ಅವತ್ತ ಗಾಡಿ ನಿಂತಿರಲಿಲ್ಲ. ಕೌದಿ ಮುಗದಿರಲಿಲ್ಲ. ಅದರ ಮ್ಯಾಲಿಂದ ನನ್ನ ಮನಸ ಹೋಗಿತ್ತು, ನಾ ಬೇಕಂತ ಬಿಟ್ಟಿದ್ದೆ. ನೀ ಹೊಸ್ತಿಲದಾಗ ಕುಂತಿದ್ದು ನನ್ನ ಸುಳ್ಳು ನಂಬಿ. ನಿನ್ನ ಕೂಸು ನನ್ನಿಂದ ಹೋತು. ತಪ್ಪಾತು ಅಕ್ಕಾ. ನನ್ನಿಂದ ತಪ್ಪಾತು."